ಮನೆಯವರು

ಅವಳು ಬಸ್ಸು ಓಡಿಸುತ್ತಿದ್ದಳು, ಅವನು ಮನೆ ನೋಡಿಕೊಳ್ಳುತ್ತಿದ್ದ. ತಾನು ದುಡಿಯುತ್ತಿದ್ದ ಅಚ್ಚುಕೂಟ ಬಾಗಿಲು ಹಾಕಿದ ಮೇಲೆ ಅವನು ಕೆಲಸಕ್ಕಾಗಿ ಅಲೆದದ್ದು ನಿಜ. ಆಮೇಲೆ ಬಿಟ್ಟ. ಬೇಸತ್ತು ಬಿಟ್ಟದ್ದಲ್ಲ; ಮನೆಕೆಲಸ ಅವನಿಗೆ ಹಿಡಿಸಿಬಿಟ್ಟಿತ್ತು. ಇದನ್ನು ಹೊರಗೆ ಬಾಯಿಬಿಡುವಂತಿರಲಿಲ್ಲ. ಗಂಡಸು ಕೆಲಸ ಸಿಗದೆ ಮನೆಯಲ್ಲಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಾರೆ, ಇಷ್ಟಪಟ್ಟು ಇದ್ದರೆ ತಲೆ ಕೆಟ್ಟಿದೆ ಅನ್ನುತ್ತಾರೆ.

ಎಲ್ಲಕ್ಕಿಂತ ಹಿಡಿಸಿದ್ದು ಮಗಳ ಜಡೆ. ಅಚ್ಚಿನ ಮೊಳೆ ಜೋಡಿಸಿ ಪಳಗಿದ ಬೆರಳುಗಳು. ಅವನು ಹೆಣೆದರೆ ಒಂದು ಎಳೆ ಆಚೀಚೆ ಆಗುತ್ತಿರಲಿಲ್ಲ. ಮಗಳು ಆ ಹೊತ್ತಿಗೆ ಶಾಲೆಯ ಸುದ್ದಿಯನ್ನೆಲ್ಲ ಒದರುತ್ತಿದ್ದಳು. "ನಮ್ಮ ಮನೆಯವರು ಹೆಸರಿಗಷ್ಟೇ ಅಲ್ಲ, ನಿಜವಾಗ್ಲೂ ಮನೆಯವರೇ," ಎಂದು ಹೆಂಡತಿ ಗೆಳತಿಯರ ಮುಂದೆ ನಗಾಡುತ್ತಿದ್ದಳು. ಅವನಿಗೂ ಆ ಮಾತು ಖುಷಿ.

ಒಂದು ಸಂಜೆ ಮಗಳು ಜಡೆ ಬಿಚ್ಚಿಕೊಂಡು ಬಂದಳು.

"ಯಾರು ಹಾಕಿದ್ದು ಅಂತ ಕೇಳಿದ್ರು. ಅಪ್ಪ ಅಂದೆ. ಈಗ ಎಲ್ಲರೂ ನಿನ್ನನ್ನ ಅಪ್ಪಮ್ಮ ಅಂತಾರೆ."

"ಅಂದ್ರೆ ಅನ್ಲಿ ಬಿಡು ಪುಟ್ಟಿ."

"ನಿಂಗೇನು, ನೀನು ಮನೇಲಿರ್ತೀಯ. ಶಾಲೆಗೆ ಹೋಗೋಳು ನಾನು."

ಅವನು ಹೆಂಡತಿಯ ಮುಖ ನೋಡಿದ. ನಗುತ್ತಾಳೆ ಅಂದುಕೊಂಡಿದ್ದ.

"ಡಿಪೋದಲ್ಲೂ ಕೇಳ್ತಾರೆ, ಮನೇಲಿ ಬಳೆ ತೊಡೋದು ಯಾರು ಅಂತ," ಎಂದಳು ಅವಳು. "ನಾನಾದ್ರೆ ನುಂಗ್ಕೋತೀನಿ. ಮಗು ಯಾಕೆ ನುಂಗ್ಬೇಕು? ಬೆಳಿಗ್ಗೆ ಬ್ಯಾಗ್ ಹಿಡ್ಕೊಂಡು ಹೊರಗೆ ಹೋಗಿಬನ್ನಿ, ಸಾಕು."

"ಎಲ್ಲಿಗೆ?"

"ಎಲ್ಲಿಗಾದ್ರೂ. ಗಂಡಸ್ರು ಎಲ್ಲಿಗೆ ಹೋಗ್ತಾರೆ ಅಂತ ಯಾರೂ ಕೇಳಲ್ಲ."

ಈಗ ಅವನು ಬೆಳಕು ಹರಿಯುವ ಮುಂಚೆಯೇ ಅಡುಗೆ, ಬಟ್ಟೆ, ನೆಲ ಎಲ್ಲ ಮುಗಿಸಿ, ಬೂಟು ಮೆಟ್ಟಿ, ಖಾಲಿ ಬ್ಯಾಗು ಹಿಡಿದು ಹತ್ತಾರು ಜನ ನೋಡುವಂತೆ ಬೀದಿಗಿಳಿಯುತ್ತಾನೆ. ದಿನವಿಡೀ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಬರುತ್ತಾನೆ. ಹಿಂದೆ ಮುಖ ತಿರುಗಿಸುತ್ತಿದ್ದ ಪಕ್ಕದ ಮನೆಯಾತ ಈಗ ನಿಂತು ಮಾತಾಡಿಸುತ್ತಾನೆ. ಎಂಥ ಮರ್ಯಾದೆಯೋ, ಆ ಮರ್ಯಾದೆಗಿಷ್ಟು ಬೆಂಕಿ ಬೀಳಲಿ.

ಜಡೆಯನ್ನು ಮಾತ್ರ ಅಮ್ಮನೇ ಹಾಕಬೇಕೆಂದು ಮಗಳ ಹಟ. ಪಾಳಿಗೆ ಹೊರಡುವ ಗಡಿಬಿಡಿಯಲ್ಲಿ ಹೆಂಡತಿ ಹೇಗೋ ಸುತ್ತಿ ಬಿಡುತ್ತಾಳೆ. ಮೊನ್ನೆ ಬಾಗಿಲ ಬಳಿ ನೋಡಿದ: ಬೈತಲೆ ಸೊಟ್ಟ, ಒಂದು ಜಡೆ ಮೇಲೆ, ಒಂದು ಕೆಳಗೆ. ತಡೆಯಲಾಗದೆ ಬ್ಯಾಗು ಕೆಳಗಿಟ್ಟು ಕೈ ಚಾಚಿದ. ಹೊರಗೆ ಗೆಳತಿಯರು ಕಾಯುತ್ತಿದ್ದರು. ಮಗಳು ತಲೆ ಸರಿಸಿಕೊಂಡಳು.

"ಹೊತ್ತಾಯ್ತಪ್ಪ," ಎಂದಳು, ಹೊರಗಿನವರಿಗೆ ಕೇಳಿಸುವ ಹಾಗೆ. "ನೀವು ಕೆಲಸಕ್ಕೆ ಹೋಗಿ."

ಹುಟ್ಟಿದಾಗಿನಿಂದ ಅವಳು ಅವನನ್ನು ನೀನು ಅನ್ನುತ್ತಿದ್ದಳು. ಅವನು ಬ್ಯಾಗು ಎತ್ತಿಕೊಂಡು ಹೊರಟ.