ಅರ್ಧ ಸೆಕೆಂಡು ಬಾಯಿ ಮುಚ್ಚುವುದು

"ಅರ್ಧ ಸೆಕೆಂಡು, ಅತ್ತೆ. ಅಷ್ಟೇ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

"ಯಾರಿಗೇ ಬಾಯಿ ಮುಚ್ಚು ಅಂತಿರೋದು?" ಎಂದಳು ಸಿತಾನ್ ಕೂಲಿಬಾಲಿ.

ಸೊಸೆ ನ್ಯಾಗಲೆ ಬೋರಲು ಹಾಕಿದ ಒರಳಿನ ಮೇಲೆ ಕ್ಯಾಮೆರಾ ಇಟ್ಟು, ಅದರ ಮೂತಿಯಡಿ ಮಡಚಿದ ಬಟ್ಟೆ ತುರುಕುತ್ತಿದ್ದಳು. ಎದುರಿಗೆ ಮಾವಿನ ಮರದ ದಟ್ಟ ನೆರಳಲ್ಲಿ ಅತ್ತೆ ಸ್ಟೂಲಿನ ಮೇಲೆ ಕೂತಿದ್ದಳು. ಗಂಜಿ ಹಾಕಿ, ಕೊಡತಿಯಿಂದ ಬಡಿದು ಹೊಳಪು ಬರಿಸಿದ ನೀಲಿ ನಿಲುವಂಗಿ ಅವಳು ಅಲುಗಿದಾಗಲೆಲ್ಲ ಪರಪರ ಎನ್ನುತ್ತಿತ್ತು. ಪಕ್ಕದಲ್ಲಿ ಟಗರು. ಬಮಾಕೋದ ಆ ಬೀದಿಯಲ್ಲೇ ಅಷ್ಟು ಎತ್ತರದ್ದು ಇನ್ನೊಂದಿರಲಿಲ್ಲ. ತಬಾಸ್ಕಿ, ಅಂದರೆ ಬಕ್ರೀದ್ ಹಬ್ಬದ ನಮಾಜಿಗೆ ಹೋದ ಗಂಡಸರು ಇನ್ನೇನು ಬರುತ್ತಾರೆ. ಬಂದ ಕೂಡಲೇ ಕತ್ತಿ. ಅಷ್ಟರೊಳಗೆ ಫೋಟೊ ಆಗಬೇಕು.

ಫೋಟೊ ಚೆನ್ನಾಗಿ ಬಂದರೆ ಭಾನುವಾರ ತನ್ನ ತಂಗಿಯ ಮಗಳ ಮದುವೆಗೆ ನ್ಯಾಗಲೆಯೇ ಫೋಟೊಗ್ರಾಫರ್ ಎಂದು ಅತ್ತೆ ಮಾತು ಕೊಟ್ಟಿದ್ದಳು. ಕೆಟ್ಟರೆ ಉಳಿದ ಸೊಸೆಯರ ಜೊತೆ ಹಿತ್ತಲಲ್ಲಿ ಅನ್ನದ ಹಂಡೆ ತಿರುವಬೇಕು. ನ್ಯಾಗಲೆ ಕ್ಯಾಮೆರಾ ಹಿಡಿದು ಎರಡು ತಿಂಗಳೂ ಆಗಿರಲಿಲ್ಲ. ಹಂಡೆ ಹಿಡಿದು ಒಂಬತ್ತು ವರ್ಷವಾಗಿತ್ತು.

ಮೊದಲನೆಯ ಫೋಟೊ ಪೂರ್ತಿ ಕಪ್ಪಾಗಿತ್ತು.

"ನಾನೆಲ್ಲಿದೀನಿ ಇದರಲ್ಲಿ?"

"ಇಲ್ಲಿ, ಅತ್ತೆ. ಹಲ್ಲು ಕಾಣ್ತಿದೆಯಲ್ಲ? ಸ್ವಲ್ಪ ಬಿಸಿಲಿಗೆ ಬಂದ್ರೆ..."

"ಪೌಡರೆಲ್ಲ ಇಳಿದುಹೋಗುತ್ತೆ. ನಿನ್ನ ಡಬ್ಬಕ್ಕೆ ಹೇಳು, ಅದೇ ಇಲ್ಲಿಗೆ ಬಿಸಿಲು ತರಲಿ."

ಶಟರ್ ಬೇಗ ಮುಚ್ಚಿದರೆ ಓಡುವವರೂ ನಿಂತಂತೆ ಬರುತ್ತಾರೆ, ನಿಧಾನ ಮುಚ್ಚಿದರೆ ನೆರಳಲ್ಲಿ ಕೂತವರೂ ಬೆಳಗುತ್ತಾರೆ ಎಂದು ಮಾರುಕಟ್ಟೆಯ ಸ್ಟುಡಿಯೋದವನು ಹೇಳಿಕೊಟ್ಟಿದ್ದ. ನೆರಳಲ್ಲಿ ಕೂತವರು ಮಾತಾಡುವವರಾದರೆ ಏನು ಮಾಡಬೇಕೆಂದು ಅವನೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ನ್ಯಾಗಲೆ ಶಟರಿನ ಚಕ್ರ ತಿರುಗಿಸಿ ಅರ್ಧ ಸೆಕೆಂಡಿಗೆ ನಿಲ್ಲಿಸಿದಳು. ಅತ್ತೆ ಉಸಿರು ಎಳೆದುಕೊಂಡು ತುಟಿ ಬಿಗಿದಳು. ಟಗರು ಕ್ಯಾಮೆರಾವನ್ನೇ ದಿಟ್ಟಿಸಿತು.

ಆಗ ಅತ್ತೆಯ ಬೆನ್ನ ಹಿಂದೆ, ಬಿಸಿಲು ಸುರಿಯುತ್ತಿದ್ದ ಅಂಗಳದ ಬಾಗಿಲಲ್ಲಿ, ಬಿಳಿ ನಿಲುವಂಗಿಯ ಬುರಾಮಾ ಕೇತಾ ಕಾಣಿಸಿಕೊಂಡ. ಪಕ್ಕದ ಮನೆಯವನು. ಕೇತಾಗಳಿಗೂ ಕೂಲಿಬಾಲಿಗಳಿಗೂ ಅಜ್ಜಂದಿರ ಕಾಲದಿಂದ ತಮಾಷೆಯ ಬೈಗುಳದ ನೆಂಟಸ್ತನ. ಎದುರು ಸಿಕ್ಕಾಗ ಬೈಯದೆ ಹೋಗುವುದು ಅವಮಾನ; ಬೈಸಿಕೊಂಡು ಸುಮ್ಮನಿರುವುದು ಅದಕ್ಕಿಂತ ದೊಡ್ಡ ಅವಮಾನ. ಅಲಸಂದೆ ತಿನ್ನುವವರು ಎಂಬುದು ಕೂಲಿಬಾಲಿಗಳಿಗೇ ಮೀಸಲಾದ ಬೈಗುಳ.

"ಅಲ್ರಪ್ಪ, ಇದರಲ್ಲಿ ಟಗರು ಯಾವುದು? ಅಲಸಂದೆ ತಿನ್ನೋ ಕೂಲಿಬಾಲಿ ಯಾವುದು?"

ನ್ಯಾಗಲೆಯ ಬೆರಳು ಆಗಲೇ ಗುಂಡಿ ಒತ್ತಿಯಾಗಿತ್ತು.

"ಹೋಗೋ, ತಲೆ ಇಲ್ಲದ ಕೇತಾ!" ಎಂದಳು ಅತ್ತೆ.

ಕ್ಲಿಕ್ ಎಂದು ತೆರೆದದ್ದು ಕ್ಲಕ್ ಎಂದು ಮುಚ್ಚಿಕೊಂಡಿತು. ಬುರಾಮಾನ ಹಿಂದೆಯೇ ಮನೆಯ ಗಂಡಸರು ಒಳಗೆ ಬಂದರು. ಒಬ್ಬ ಟಗರಿನ ಹಗ್ಗ ಬಿಚ್ಚಿದ.

ಮಧ್ಯಾಹ್ನ ಸುಟ್ಟ ಮಾಂಸದ ತಟ್ಟೆಯ ಸುತ್ತ ಎಲ್ಲರೂ ಕೂತಾಗ ಅತ್ತೆ ಕೈ ಚಾಚಿದಳು. "ತಾ ಇಲ್ಲಿ." ನ್ಯಾಗಲೆ ಕ್ಯಾಮೆರಾ ಕೊಟ್ಟು, ಹಿತ್ತಲಿನ ಹಂಡೆಯ ಕಡೆ ನೋಡಿದಳು.

ಫೋಟೊದಲ್ಲಿ ಟಗರು ಮಂತ್ರಿಯ ಹಾಗೆ ಬಂದಿತ್ತು, ರೆಪ್ಪೆಗೂದಲು ಸಮೇತ. ಅದರ ಪಕ್ಕ ನೀಲಿ ನಿಲುವಂಗಿಯ ಮೇಲೊಂದು ಹೊಗೆ, ಹೊಗೆಯಲ್ಲಿ ಮೂರು ಬಾಯಿ.

"ಇದೇನೇ ಇದು?"

ಬುರಾಮಾ ಬಗ್ಗಿ ನೋಡಿ, ಬಾಯಲ್ಲಿದ್ದ ಮಾಂಸ ಗಂಟಲಿಗೆ ಸಿಕ್ಕಿ ಕೆಮ್ಮಿದ. "ಈ ಹುಡುಗಿ ಸುಳ್ಳು ಫೋಟೊ ತೆಗೆಯೋಳಲ್ಲ ಕಣಮ್ಮ! ಒಂದು ಬಾಯಿ ಬೈಯೋಕೆ, ಎರಡು ಅಲಸಂದೆಗೆ!"

ಅತ್ತೆಯ ಮೂಗಿನ ಹೊಳ್ಳೆ ಅರಳಿತು. ನ್ಯಾಗಲೆ ಎದ್ದು ನಿಂತಳು. ಅಷ್ಟರಲ್ಲಿ ಅತ್ತೆ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು.

"ಬಾಗಿಲಲ್ಲಿರೋದು ಯಾರು?"

ನೆರಳಿಗೆಂದು ತೆರೆದಿಟ್ಟ ಕ್ಯಾಮೆರಾದ ಕಣ್ಣಿಗೆ ಬಾಗಿಲ ಬಿಸಿಲೆಲ್ಲ ನುಗ್ಗಿತ್ತು. ಆ ಬಿಳುಪಿನಲ್ಲಿ ಬುರಾಮಾನ ಟೋಪಿ, ಮುಖ, ಕತ್ತು, ಎಲ್ಲ ಕರಗಿ, ಕೆಳಗೆ ಒಂದು ಜೊತೆ ಚಪ್ಪಲಿ, ಒಂದಿಷ್ಟು ಅಂಗಿ ಮಾತ್ರ ಉಳಿದಿತ್ತು.

"ಬುರಾಮಾ ಮಾವ..." ಎಂದಳು ನ್ಯಾಗಲೆ. "ಬೆಳಕು ಜಾಸ್ತಿಯಾಗಿ..."

"ಬೆಳಕಿಗೆ ಏನೂ ಅನ್ಬೇಡ!" ಅತ್ತೆ ಎದ್ದೇ ಬಿಟ್ಟಳು. "ತಲೆ ಇಲ್ಲ! ನಲವತ್ತು ವರ್ಷದಿಂದ ಹೇಳ್ತಾನೇ ಇದ್ದೆ, ಒಬ್ಬರಾದ್ರೂ ನಂಬಿದ್ರಾ? ನೋಡ್ರೋ! ಕ್ಯಾಮೆರಾನೇ ಸಾಕ್ಷಿ!"

ಸಂಜೆಯೊಳಗೆ ಬೀದಿಯ ಅರ್ಧ ಜನ ನೋಡಿ ಹೋದರು. ಹಂಡೆಯ ಮಾತು ಯಾರೂ ಎತ್ತಲಿಲ್ಲ.

ಭಾನುವಾರ ಮದುವೆಮನೆಯ ಅಂಗಳದಲ್ಲಿ ನ್ಯಾಗಲೆ ಮತ್ತೆ ಒರಳು ಬೋರಲು ಹಾಕಿದಳು. ಬಾಗಿಲಿಗೆ ಬಂದ ಕೇತಾಗಳು ಒಬ್ಬೊಬ್ಬರೂ ಟೋಪಿ ಒತ್ತಿ ಹಿಡಿದುಕೊಂಡು, ಬಿಸಿಲು ದಾಟಿ ಓಡಿದರು. ಬುರಾಮಾ ಮಾತ್ರ ನಿಧಾನ ಬಂದ. ಒಮ್ಮೆ ತಲೆ ಮುಟ್ಟಿ ನೋಡಿಕೊಂಡು ನೆರಳಿಗೆ ಸರಿದು, ಸ್ಟೂಲಿನ ಪಕ್ಕದಲ್ಲೇ ಕೈಕಟ್ಟಿ ನಿಂತ. ಒಂದು ಬೈಗುಳವೂ ಇಲ್ಲ.

ಸ್ಟೂಲಿನ ಮೇಲೆ ಅತ್ತೆ ತುಟಿ ಬಿಗಿದು ಕೂತಿದ್ದಳು. ಅವಳ ಕಣ್ಣು ಮೆಲ್ಲಗೆ ಅವನ ಕಡೆ ಹೊರಳಿತು. ಕೆನ್ನೆ ಒಂದಿಷ್ಟು ಉಬ್ಬಿತು. ನ್ಯಾಗಲೆ ಗುಂಡಿಯ ಮೇಲೆ ಬೆರಳಿಟ್ಟು ಕಾದಳು.