ಹಳದಿ ಚೀಲ ಕರಗುವ ತನಕ

ಒಂದಾನೊಂದು ಕಾಲದಲ್ಲಿ ಏಳು ಹಿಮದ ಬಾಗಿಲುಗಳಾಚೆ ಒಬ್ಬ ರಾಜಕುಮಾರಿ ಮಲಗಿದ್ದಳಂತೆ. ಯಾವ ಕಾಲ ಎಂದು ಕೇಳಿದರೆ ಅಜ್ಜಿಗೆ ಸಿಟ್ಟು. ಎಬ್ಬಿಸಲು ಹೋದವರು ಅವಸರ ಮಾಡಬಾರದು, ಪಕ್ಕದಲ್ಲಿ ಕೂತು ಕಾಯಬೇಕು. ಆರು ಜನ ಅವಸರಪಟ್ಟರು, ಕೈಗೆ ಬರೀ ನೀರು ಸಿಕ್ಕಿತು. ಏಳನೆಯವರ ಕಥೆ ಬರುವ ಹೊತ್ತಿಗೆ ಅಜ್ಜಿಗೇ ನಿದ್ದೆ.

ಅಜ್ಜಿ ಈಗಿಲ್ಲ. ರಕ್ತನಿಧಿಯ ಹಿಂದಿನ ಕೋಣೆಯಲ್ಲಿ ನಾನು, ಗುಂಯ್‌ಗುಡುವ ಫ್ರೀಜರು, ಉಗುರುಬೆಚ್ಚಗಿನ ನೀರಿನ ತೊಟ್ಟಿ, ಇಷ್ಟೇ. ಚೀಲ ಕೊಡುವ ಕಿಂಡಿಯಲ್ಲಿ ಕೈಗಳು ಬರುತ್ತವೆ, ಮುಖಗಳು ಅಪರೂಪ.

ಮಧ್ಯಾಹ್ನ ಆಪರೇಷನ್ ಥಿಯೇಟರಿನ ನರ್ಸಕ್ಕ ಫೋನು ಮಾಡಿದರು. ಹೆರಿಗೆಯಾದ ಹುಡುಗಿಗೆ ರಕ್ತ ನಿಲ್ಲುತ್ತಿಲ್ಲ, ಪ್ಲಾಸ್ಮಾ, ಅಂದರೆ ರಕ್ತದ ಹಳದಿ ದ್ರವ, ಎರಡು ಚೀಲ ಬೇಕು. ಎರಡನ್ನೂ ಫ್ರೀಜರಿನಿಂದ ತೆಗೆದು ಕರಗಲು ತೊಟ್ಟಿಗಿಳಿಸಿದೆ. ಅರ್ಧ ಗಂಟೆಯಲ್ಲಿ ಒಂದನ್ನು ಅಟೆಂಡರ್ ಒಯ್ದ. ಇನ್ನೊಂದರ ಮೂಲೆಯಿಂದ ಹಳದಿ ಒಸರುತ್ತಿತ್ತು. ಹೆಪ್ಪುಗಟ್ಟಿದ ಚೀಲ ಗಾಜಿನಂತೆ; ಅವಸರದಲ್ಲಿ ನಾನೇ ತೊಟ್ಟಿಯ ಅಂಚಿಗೆ ತಗಲಿಸಿದ್ದೆ. ಅದು ಕಸಕ್ಕೆ ಹೋಯಿತು. ಹೊಸದನ್ನು ಇಳಿಸಿದೆ.

"ಏನಮ್ಮಾ, ಚೀಲ ಕರಗಿಸ್ತಿದೀಯೋ ಬೆಟ್ಟ ಕರಗಿಸ್ತಿದೀಯೋ?" ಫೋನಿನಲ್ಲಿ ಮತ್ತೆ ನರ್ಸಕ್ಕ. "ಡಾಕ್ಟ್ರು ನನ್ನ ತಲೆ ತಿಂತಿದಾರೆ!"

"ತಪ್ಪು ನನ್ನದೇ ಅಕ್ಕಾ, ಒಡೀತು. ಇನ್ನರ್ಧ ಗಂಟೆ."

ಕಿಂಡಿಯಲ್ಲಿ ಈ ಸಲ ಒಂದು ಮುಖ. ಹುಡುಗಿಯ ತಾಯಿ.

"ಮೂರು ಬಾಟ್ಲು ರಕ್ತ ಹಾಕಿದ್ರಲ್ಲವ್ವಾ, ಇದ್ಯಾಕೆ ಮತ್ತೆ?"

"ತೂತಿರೋ ಕೊಡಕ್ಕೆ ಎಷ್ಟು ಹುಯ್ದರೇನಮ್ಮಾ? ತೂತು ಮುಚ್ಚೋ ಶಕ್ತಿ ಇದರಲ್ಲಿದೆ."

"ಹಂಗಾದ್ರೆ ಕುದಿಯೋ ನೀರಿಗೇ ಹಾಕು ತಾಯಿ!"

"ಬೆಂದುಹೋದ್ರೆ ಆ ಶಕ್ತೀನೇ ಇರಲ್ಲ. ನೀವು ಮಗಳ ಹತ್ರ ಹೋಗಿ. ನಾನೇ ಕೈಯಾರೆ ತಂದುಕೊಡ್ತೀನಿ."

ಆಕೆ ಹೋದರು. ತೊಟ್ಟಿಯ ಬಿಸಿ ಏರಿಸುವ ಗುಂಡಿ ಬೆರಳಿನಷ್ಟೇ ದೂರದಲ್ಲಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಯಾರದೋ ಮೈಯಿಂದ ಬಂದು, ಯಾರ ಗುರುತೂ ಇಲ್ಲದೆ ತಿಂಗಳುಗಟ್ಟಲೆ ಕತ್ತಲಲ್ಲಿ ಮಲಗಿದ್ದ ಚೀಲ ಅದು. ಮಾತಾಡಲು ಬೇರೆ ಯಾರಿದ್ದರು? "ನಿಧಾನಕ್ಕೆ ಏಳು ಮಾರಾಯ್ತಿ, ಆದರೆ ಏಳು" ಎಂದೆ.

ಕೊನೆಯ ಹಿಮದ ಹರಳು ಕರಗಿತು. ಸೋರಿಕೆ ಇಲ್ಲ, ಗುಂಪು ಸರಿ, ಸಂಖ್ಯೆ ಸರಿ. ಚೀಲವನ್ನು ಎದೆಗವಚಿಕೊಂಡು ಮೂರು ಮಹಡಿ ಹತ್ತಿದೆ. ಬೆಂಚಿನಿಂದ ತಾಯಿ ಎದ್ದು ನಿಂತರು. ಥಿಯೇಟರಿನ ಬಾಗಿಲು ಒಂದಡಿ ತೆರೆಯಿತು.

"ಬಂದ್ಯಾ? ಅವಳಿಗೆ ಇನ್ನೂ ರಕ್ತ ಜಿನುಗ್ತಿದೆ, ಕೊಡು ಬೇಗ!"

ನರ್ಸಕ್ಕನ ಕೈಗಿಟ್ಟೆ.