ಬೀರು ಮೇಲಿನ ಕರಡಿ

ಟೇಲರಣ್ಣನಿಗೆ ಇದ್ದದ್ದು ಒಂದೇ ಚಿಂತೆ. ಮಗಳು ಪುಟ್ಟಿಗೆ ಮೂರು ತುಂಬಿತ್ತು, ಬಾಯಿಂದ ಎರಡು ಮಾತು ಉದುರಿದರೆ ಹೆಚ್ಚು. ಕಿವಿ ಚೆನ್ನಾಗಿದೆ ಅಂತ ಡಾಕ್ಟರೇ ಹೇಳಿದ್ದರು. ಆದರೂ ಅಪ್ಪನ ಜೀವ ಕೇಳಬೇಕಲ್ಲ!

ಪಕ್ಕದ ಮನೆಯ ಲೈಬ್ರರಿ ಅಕ್ಕ ಒಂದು ಚಿತ್ರಪುಸ್ತಕ ತಂದುಕೊಟ್ಟಳು. ಅದರಲ್ಲಿ ಒಬ್ಬಳು ಹುಡುಗಿ, ಒಂದು ಕಾಡುಕರಡಿ. ಟೇಲರಣ್ಣ ಏನು ಮಾಡಿದ ಗೊತ್ತೇ? ಗಿರಾಕಿಯ ಮದುವೆ ಕೋಟಿನ ಹಾಗೆ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರು ಮೇಲಿಟ್ಟ!

ವಾರ ಬಿಟ್ಟು ಅಕ್ಕ ಬಂದಳು. "ಪುಸ್ತಕ ಎಲ್ಲಪ್ಪಾ?"

"ಮೇಲಿದೆ ಅಕ್ಕಾ. ಒಂದು ಚೂರೂ ಕೊಳೆಯಾಗಿಲ್ಲ."

"ಅಯ್ಯೋ ನಿನ್ನ! ಕರಡಿಗೆ ಬೀರು ಮೇಲೇನು ಕೆಲಸ? ಇಳಿಸು."

ಟೇಲರಣ್ಣನ ಮುಖ ಸಣ್ಣಗಾಯಿತು. "ನಂಗೆ ಅಳತೆ ಬರೆಯೋ ಅಂಕಿ ಬಿಟ್ಟರೆ ಅಕ್ಷರ ಬರಲ್ಲ ಅಕ್ಕಾ. ಓದೋಕೆ ಹೋಗಿ ತಪ್ಪು ಕಲಿಸಿಬಿಟ್ಟರೆ?"

"ಅಕ್ಷರ ಯಾಕೋ? ಚಿತ್ರ ಕಾಣುತ್ತಲ್ಲ! ಕಂಡದ್ದು ಹೇಳು. ಅವಳನ್ನೂ ಕೇಳು. ಕೇಳಿ ಸ್ವಲ್ಪ ಕಾಯಿ."

ಅಂದು ಸಂಜೆ ಮಿಷನ್ ನಿಲ್ಲಿಸಿ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡ. ಕಥೆ ಎಲ್ಲಿಂದ ಬರಬೇಕು, ಪಾಪ! ಗೊತ್ತಿದ್ದದ್ದು ಹೊಲಿಗೆ ಒಂದೇ.

"ನೋಡು ಪುಟ್ಟಿ, ಕರಡಿ ಕೋಟು ಹೊಲಿಸೋಕೆ ಬಂದಿದೆ. ಎದೆ ಅರವತ್ತು ಇಂಚು. ಹೊಟ್ಟೆ... ಅಯ್ಯಯ್ಯೋ, ಟೇಪೇ ಸಾಲಲ್ಲ!"

ಪುಟ್ಟಿ ಕಿಲಕಿಲ ನಕ್ಕಳು. ಮಾತು ಮಾತ್ರ ಇಲ್ಲ. ಮರುದಿನವೂ ಅದೇ ಪುಸ್ತಕ, ಅದೇ ಕೋಟು. ಪ್ರತಿ ಹಾಳೆಗೂ "ಈಗೇನಾಯ್ತು ಪುಟ್ಟಿ?" ಅಂತ ಕೇಳಿ ಕಾಯುತ್ತಿದ್ದ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ನಿಮ್ಮ ಕರಡಿ ಕೋಟು ಹಾಕಿ ನೋಡೋಕೆ ಯಾವತ್ತು ಬರುತ್ತೆ?" ಅಂತ ಛೇಡಿಸಿದಳು.

ಹತ್ತನೇ ದಿನ ಅರ್ಜೆಂಟ್ ಹೊಲಿಗೆ ಇತ್ತು. ಟೇಲರಣ್ಣ ಅವಸರದಲ್ಲಿ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟ. ಪುಟ್ಟಿ ಗಪ್ಪನೆ ಅವನ ಕೈ ಹಿಡಿದಳು.

"ಅಲ್ಲಪ್ಪಾ! ಕರಡಿ ಇನ್ನೂ ಕೋಟು ಹಾಕೇ ಇಲ್ಲ. ಅದಕ್ಕೆ ಚಳಿ ಆಗುತ್ತೆ!"

ಇಷ್ಟುದ್ದ ಮಾತು! ಟೇಲರಣ್ಣನ ಕಣ್ಣು ತುಂಬಿ ಬಂತು. "ತಪ್ಪಾಯ್ತು ತಾಯಿ," ಅಂದು ಹಾಳೆ ಹಿಂದಕ್ಕೆ ತಿರುವಿದ. ಅರ್ಜೆಂಟ್ ಹೊಲಿಗೆ ಕಾದರೆ ಕಾಯಲಿ.

ನಿಮ್ಮ ಮನೆಯಲ್ಲೂ ಪುಸ್ತಕ ಬೀರು ಮೇಲಿದೆಯೇ? ಇವತ್ತೇ ಇಳಿಸಿ. ಹರಿದರೆ ಅಂಟಿಸಿದರಾಯಿತು. ಅಕ್ಷರ ಬರಲ್ಲ ಅಂತ ಹಿಂಜರಿಯಬೇಡಿ. ದಿನಕ್ಕೆ ಹತ್ತು ನಿಮಿಷ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಚಿತ್ರ ತೋರಿಸಿ, ಮಾತಾಡಿ, ಮಾತಾಡಿಸಿ, ಕಾಯಿರಿ. ಪುಟ್ಟಿಯ ಕರಡಿ ಈಗ ಮಾಸಿದೆ, ಹಾಳೆಯ ಮೂಲೆಗಳೆಲ್ಲ ಮಡಚಿಹೋಗಿವೆ. ಲೈಬ್ರರಿ ಅಕ್ಕ ಅದನ್ನು ನೋಡಿ ಬೈಯಲಿಲ್ಲ. ಇನ್ನೊಂದು ಪುಸ್ತಕ ಕೊಟ್ಟಳು.